ಹೊಸ ರೈಫಲ್ ಬ್ಯಾರೆಲ್: ಮೊದಲ ಹದಿನಾರು ಗುಂಡು, ಆಮೇಲೆ ಕೊಡಗಿನ ಮಳೆ

ಹೊಸ ರೈಫಲ್ ಮನೆಗೆ ಬಂದ ದಿನ ಎಲ್ಲರ ಮನೆಯಲ್ಲೂ ನಡೆಯೋದು ಒಂದೇ. ಪೆಟ್ಟಿಗೆ ಬಿಚ್ಚಬೇಕು, ಭುಜಕ್ಕಿಟ್ಟು ನೋಡಬೇಕು, ಬೋಲ್ಟನ್ನು (ಗುಂಡನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಭಾಗ) ನಾಲ್ಕು ಸಲ ಎಳೆದು ಬಿಡಬೇಕು, ಆಮೇಲೆ "ಯಾವಾಗ ಹೊಡೆಯೋಣ?" ಹೋದ ವರ್ಷ ನಮ್ಮ ಭಾವ ಹೊಸ 315 ಬೋರ್ ತಂದಾಗಲೂ ಹೀಗೇ ಆಯಿತು. ಸ್ವಲ್ಪ ತಡಿ ಅಂತ ಹೇಳಿ, ಬಿಳಿ ಬಟ್ಟೆಯ ಚೂರೊಂದನ್ನು ರಾಡಿಗೆ ಸಿಕ್ಕಿಸಿ ನಳಿಗೆಯೊಳಗೆ, ಅಂದರೆ ಬ್ಯಾರೆಲ್ ಒಳಗೆ, ತಳ್ಳಿದೆ. ಆಚೆ ಬಂದದ್ದು ಡಿಕಾಕ್ಷನ್ ಬಣ್ಣದ ಜಿಡ್ಡು. ಬೆಳಕಿಗೆ ಹಿಡಿದರೆ ಅದರಲ್ಲಿ ಮಿನುಗುವ ಉಕ್ಕಿನ ಪುಡಿ ಬೇರೆ. "ಅಷ್ಟು ದುಡ್ಡು ಕೊಟ್ಟಿದ್ದೇನೆ, ಒಳಗೆ ಕ್ಲೀನ್ ಇರಲ್ವಾ?" ಅಂದ ಭಾವ. ಇರುವುದಿಲ್ಲ. ದಾರಿಯಲ್ಲಿ, ಗೋದಾಮಿನಲ್ಲಿ ತುಕ್ಕು ಹಿಡಿಯದಿರಲಿ ಅಂತ ದಪ್ಪ ಎಣ್ಣೆಯೋ ಗ್ರೀಸೋ ಸವರಿ ಕಳಿಸಿರುತ್ತಾರೆ. ಅದನ್ನು ತೆಗೆಯದೆ ಹೊಡೆದರೆ ಮೊದಲ ಗುಂಡಿಗೇ ಒತ್ತಡ ಹೆಚ್ಚು ಕಡಿಮೆ ಆಗುತ್ತದೆ, ಜಿಡ್ಡು ಸುಟ್ಟು ಕರಿಯಾಗಿ ಉಕ್ಕಿಗೆ ಅಂಟಿಕೊಳ್ಳುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೊಸ ಬ್ಯಾರೆಲನ್ನು ಮೊದಲ ಕೆಲವು ಗುಂಡಿನಲ್ಲಿ ಪಳಗಿಸೋದಕ್ಕೆ ಬ್ರೇಕ್-ಇನ್ ಅನ್ನುತ್ತಾರೆ. ಅದನ್ನು ಮಾಡದೆ ಹಾಳಾದ ಬ್ಯಾರೆಲ್ ನಾನು ಇವತ್ತಿನವರೆಗೆ ನೋಡಿಲ್ಲ. ತಪ್ಪಾಗಿ ಕ್ಲೀನ್ ಮಾಡಿ ಹಾಳಾದದ್ದು ನೋಡಿದ್ದೇನೆ, ಅದರಲ್ಲಿ ಒಂದು ನಮ್ಮದೇ ಮನೆಯದು. ಹಾಗಾಗಿ ಇಲ್ಲಿ ಕ್ಲೀನಿಂಗ್ ಬಗ್ಗೆ ಜಾಸ್ತಿ ಬರೆದಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಒಳಗೆ ಏನಾಗುತ್ತದೆ

ಗುಂಡು ಕೂರುವ ಚೇಂಬರ್ ಮುಗಿದು, ಗುಂಡನ್ನು ತಿರುಗಿಸಿ ಕಳಿಸುವ ತಿರುಪು ಗೆರೆಗಳು ಶುರುವಾಗುವ ಜಾಗ ಇದೆಯಲ್ಲ, ಅದನ್ನು ಬ್ಯಾರೆಲ್‌ನ ಗಂಟಲು ಅನ್ನೋಣ. ಇದನ್ನು ಕೊರೆಯೋದು ರೀಮರ್ ಅನ್ನುವ ಉಪಕರಣ. ರೀಮರ್ ಸುತ್ತುತ್ತಾ ಕೊರೆಯುವುದರಿಂದ ಅದು ಬಿಟ್ಟ ಸಣ್ಣ ಗೀರುಗಳು ಗುಂಡು ಹೋಗುವ ದಾರಿಗೆ ಅಡ್ಡ ಇರುತ್ತವೆ, ಅರದ ಹಲ್ಲಿನ ಹಾಗೆ. ಗುಂಡಿನ ಮೇಲಿನ ತಾಮ್ರದ ಹೊದಿಕೆ ಈ ಅಡ್ಡಗೀರಿಗೆ ಉಜ್ಜಿ ಸವೆಯುತ್ತದೆ. ಸವೆದ ತಾಮ್ರ ಬಿಸಿ ಗ್ಯಾಸಿನ ಜೊತೆ ಮುಂದಕ್ಕೆ ಹಾರಿ ನಳಿಗೆಯ ಉದ್ದಕ್ಕೂ ತೆಳ್ಳಗೆ ಅಂಟುತ್ತದೆ. ಹಾಗೇ ಬಿಟ್ಟರೆ ತಾಮ್ರದ ಮೇಲೆ ತಾಮ್ರ ಕೂರುತ್ತಾ ಹೋಗುತ್ತದೆ. ಒಂದೊಂದು ಗುಂಡಿಗೂ ಅದನ್ನು ತೆಗೆದರೆ ಪ್ರತಿ ಗುಂಡು ಬರೀ ಉಕ್ಕಿಗೆ ತಾಗಿ ಗಂಟಲಿನ ಗೀರನ್ನು ನಯ ಮಾಡುತ್ತದೆ. ಬ್ರೇಕ್-ಇನ್ ಅಂದರೆ ಇಷ್ಟೇ.

ಇದರ ಬಗ್ಗೆ ದೊಡ್ಡ ಜಗಳವೇ ಇದೆ. ಅಮೆರಿಕದ ಬ್ಯಾರೆಲ್ ತಯಾರಕ ಕ್ರೀಗರ್ ಒಂದು ಗುಂಡು, ಒಂದು ಕ್ಲೀನಿಂಗ್ ಪದ್ಧತಿಯನ್ನು ವಿವರವಾಗಿ ಹೇಳುತ್ತದೆ. ಅದೇ ದೇಶದ ಹೆಸರಾಂತ ಬ್ಯಾರೆಲ್ ತಯಾರಕ ಗೇಲ್ ಮೆಕ್‌ಮಿಲನ್ ಇದೆಲ್ಲ ಬ್ಯಾರೆಲ್‌ನ ಆಯಸ್ಸು ಕಳೆಯುವ ಕೆಲಸ ಅಂತ ವಾದಿಸಿದವರು. ಇಬ್ಬರೂ ತಿಳಿದವರೇ. ಕೈಯಲ್ಲಿ ಲ್ಯಾಪ್ ಮಾಡಿದ (ಒಳಗೆ ಉಜ್ಜಿ ನಯ ಮಾಡಿದ), ಸ್ಪರ್ಧೆಗೆ ಬಳಸುವ ದುಬಾರಿ ಮ್ಯಾಚ್ ಬ್ಯಾರೆಲ್‌ಗೆ ಇದರಿಂದ ದೊಡ್ಡ ಲಾಭ ಇಲ್ಲ, ಆಗಲೇ ನಯವಾಗಿರುತ್ತದೆ. ಒಳಗೆ ಕ್ರೋಮ್ ಲೇಪನ ಇದ್ದರಂತೂ ಬೇಡವೇ ಬೇಡ. ನಮ್ಮ ಕೈಗೆ ಸಿಗುವ ಸಾಧಾರಣ ಕಾರ್ಖಾನೆ ಬ್ಯಾರೆಲ್‌ಗೆ ಸ್ವಲ್ಪ ಮಾಡಿದರೆ ಮುಂದೆ ಕ್ಲೀನ್ ಮಾಡೋದು ಸುಲಭವಾಗುತ್ತದೆ. ಗುರಿ ಹೆಚ್ಚುತ್ತದೆ ಅಂತ ನಾನು ಹೇಳುವುದಿಲ್ಲ.

ಇನ್ನೊಂದು ಲೆಕ್ಕವೂ ಇದೆ. ಅಮೆರಿಕದವರು ಹೇಳುವ ಹಾಗೆ ಐವತ್ತು, ನೂರು ಗುಂಡು ಬ್ರೇಕ್-ಇನ್‌ಗೆ ಸುರಿಯೋದು ನಮಗೆ ಆಗುವ ಮಾತಲ್ಲ. 315ರ ಮೂಲ ಹಳೆಯ 8×50ಆರ್ ಮಾನ್‌ಲಿಕರ್ ಕಾಡತೂಸು. 303 ಸೇನೆಯ ಬೋರ್ ಅಂತ ಜನಸಾಮಾನ್ಯರಿಗೆ ನಿಷೇಧ ಇದ್ದದ್ದರಿಂದ ಭಾರತದಲ್ಲಿ ಇದು ಬೇರೂರಿತು. ರೈಫಲ್ ಇಷಾಪುರ ಕಾರ್ಖಾನೆಯದು, ಗುಂಡು ಖಡ್ಕಿ ಕಾರ್ಖಾನೆಯದು. ಬೆಲೆ ಜಾಸ್ತಿ, ಲೈಸೆನ್ಸಿನಲ್ಲಿ ಬರೆದ ಮಿತಿ ಬೇರೆ. ಅದಕ್ಕೇ ನಾನು ಹದಿನಾರು ಗುಂಡಿಗೆ ಮುಗಿಸುತ್ತೇನೆ.

ಶುರು ಮಾಡುವ ಮುಂಚೆ

ಕಾಗದಪತ್ರ ನೆಟ್ಟಗಿರಲಿ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸ್ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು. ಆದರೆ ಅದು ಕೋವಿ ಇಟ್ಟುಕೊಳ್ಳುವ ವಿನಾಯಿತಿ, ಎಲ್ಲೆಂದರಲ್ಲಿ ಹೊಡೆಯುವ ಪರವಾನಗಿ ಅಲ್ಲ. ಬೇಟೆಯಂತೂ 1972ರ ವನ್ಯಜೀವಿ ಕಾಯ್ದೆಯಿಂದ ಮುಗಿದ ಕತೆ. ಬ್ರೇಕ್-ಇನ್ ಮಾಡೋದು ಅನುಮತಿ ಇರುವ ರೇಂಜಿನಲ್ಲಿ, ಹಿಂದೆ ಗಟ್ಟಿ ಮಣ್ಣಿನ ದಿಬ್ಬ ಇರುವಲ್ಲಿ, ಕಣ್ಣಿಗೆ ಕನ್ನಡಕ ಕಿವಿಗೆ ಮಫ್ ಹಾಕಿಕೊಂಡು.

ಇನ್ನು ಸಾಮಾನು. ಇಲ್ಲಿ ಜಿಪುಣತನ ಬೇಡ, ಅದರಲ್ಲೂ ರಾಡ್ ವಿಷಯದಲ್ಲಿ.

ರಾಡ್ ಒಂದೇ ತುಂಡಿನದ್ದಾಗಿರಬೇಕು. ಕಾರ್ಬನ್ ಫೈಬರ್ ಅಥವಾ ಪ್ಲಾಸ್ಟಿಕ್ ಹೊದಿಕೆಯ ಉಕ್ಕು ಆಗಬಹುದು, ಹಿಡಿಕೆ ಬೇರಿಂಗ್ ಮೇಲೆ ತಿರುಗುವಂತಿರಬೇಕು. ಇಲ್ಲದಿದ್ದರೆ ಬ್ರಷ್ಷು ತಿರುಪು ಗೆರೆಯ ಜೊತೆ ಸುತ್ತುವುದಿಲ್ಲ, ಸುಮ್ನೆ ಮೇಲಿಂದ ಕೆರೆಯುತ್ತಾ ಹೋಗುತ್ತದೆ. ಮೂರು ತುಂಡು ಜೋಡಿಸುವ ಅಲ್ಯೂಮಿನಿಯಂ ರಾಡ್ ಅಗ್ಗಕ್ಕೆ ಸಿಗುತ್ತದೆ, ತಗೋಬೇಡಿ. ಜೋಡಣೆ ಇರುವ ಕಡೆಯಲ್ಲೆಲ್ಲ ಅಂಚು ಎದ್ದಿರುತ್ತದೆ. ಮೆತ್ತಗಿನ ಅಲ್ಯೂಮಿನಿಯಂಗೆ ಮರಳು, ಮಸಿ ಕಚ್ಚಿಕೊಂಡು ರಾಡೇ ಉಪ್ಪುಕಾಗದ ಆಗಿಬಿಡುತ್ತದೆ.

ಬೋರ್ ಗೈಡ್ ಅಂತ ಒಂದು ಕೊಳವೆ ಬರುತ್ತದೆ. ಬೋಲ್ಟ್ ತೆಗೆದ ಜಾಗದಲ್ಲಿ ಅದನ್ನು ಕೂರಿಸಿದರೆ ರಾಡ್ ನೆಟ್ಟಗೆ ಹೋಗುತ್ತದೆ, ಗಂಟಲಿಗೆ ತಾಗುವುದಿಲ್ಲ, ದ್ರವ ಟ್ರಿಗರ್ ಒಳಗೆ ಸೋರುವುದಿಲ್ಲ. ಇನ್ನು ಬೇಕಾದದ್ದು ನಿಮ್ಮ ಬೋರಿನ ಅಳತೆಯ ನೈಲಾನ್ ಬ್ರಷ್, ಕಂಚಿನ ಬ್ರಷ್, ಬಟ್ಟೆ ಚುಚ್ಚಿಕೊಳ್ಳುವ ಜ್ಯಾಗ್, ಮಸಿಗೆ ಒಂದು ಸಾಲ್ವೆಂಟ್ (ಕರಗಿಸುವ ದ್ರವ), ತಾಮ್ರಕ್ಕೆ ಒಂದು ಸಾಲ್ವೆಂಟ್, ತೆಳು ಗನ್ ಆಯಿಲ್. ಪ್ಯಾಚ್ ಬಟ್ಟೆಗೆ ದುಡ್ಡು ಕೊಡಬೇಡಿ. ಒಗೆದು ಒಗೆದು ಮೆತ್ತಗಾದ ಬಿಳಿ ಹತ್ತಿ ಬನಿಯನ್ ಸಾಕು. ಸಣ್ಣ ಬೋರಿನ .22 ರೈಫಲಿಗೆ ಒಂದಿಂಚು ಚೌಕ, 315ಕ್ಕೆ ಸುಮಾರು ಎರಡಿಂಚು. ರಾಡ್ ತಳ್ಳುವಾಗ ಸ್ವಲ್ಪ ಬಿಗಿ ಅನ್ನಿಸಬೇಕು, ಆದರೆ ಅಂಗೈ ಕೆಂಪಾಗಬಾರದು.

ಎಣ್ಣೆ ವಿಚಾರಕ್ಕೆ ಬಂದರೆ, ನಮ್ಮ ಹಳಬರು ಕೋವಿಗೆ ತೆಂಗಿನೆಣ್ಣೆ ಹಾಕುತ್ತಿದ್ದರು. ಪರಿಮಳ ಚೆನ್ನಾಗಿತ್ತು, ಒಪ್ಪುತ್ತೇನೆ. ಆದರೆ 24 ಡಿಗ್ರಿಗಿಂತ ತಣ್ಣಗಾದರೆ ಅದು ಗಟ್ಟಿಯಾಗುತ್ತದೆ. ಮಡಿಕೇರಿ ಚಳಿಯಲ್ಲಿ ಬೋಲ್ಟ್ ಒಳಗೆ ತುಪ್ಪದ ಹಾಗೆ ಕೂತುಬಿಡುತ್ತದೆ, ಹಳತಾದರೆ ಅಂಟು. ಡಬ್ಲ್ಯುಡಿ-40 ನೀರು ಓಡಿಸಲು ಒಳ್ಳೆಯದು, ತಿಂಗಳುಗಟ್ಟಲೆ ಕಾಯುವ ಎಣ್ಣೆ ಅಲ್ಲ.

ಮೊದಲ ಕ್ಲೀನಿಂಗ್, ಮನೆಯಲ್ಲೇ

ಗುಂಡು ಇಲ್ಲ ಅಂತ ಕಣ್ಣಲ್ಲಿ ನೋಡಿ, ಆಮೇಲೆ ಚೇಂಬರಿಗೆ ಬೆರಳಿಟ್ಟು ನೋಡಿ. ಗುಂಡಿನ ಡಬ್ಬಿ ಬೇರೆ ಕೋಣೆಯಲ್ಲಿರಲಿ. ಬೋಲ್ಟ್ ತೆಗೆಯಿರಿ. ಲೀ-ಎನ್‌ಫೀಲ್ಡ್ ನಮೂನೆಯ 315 ಆದರೆ ಬೋಲ್ಟ್ ಪೂರ್ತಿ ಹಿಂದಕ್ಕೆ ಎಳೆದು, ಅದರ ತಲೆಯನ್ನು ಮೇಲಕ್ಕೆ ತಿರುಗಿಸಿ ಹಳಿಯಿಂದ ಬಿಡಿಸಿದರೆ ಹಿಂದಿನಿಂದ ಹೊರಬರುತ್ತದೆ. ಎರಡು ರೈಫಲ್ ಇರುವ ಮನೆಯಲ್ಲಿ ಬೋಲ್ಟ್ ಅದಲುಬದಲು ಮಾಡಲೇಬೇಡಿ. ಆಯಾ ಬೋಲ್ಟ್ ಆಯಾ ರೈಫಲಿಗೆ ಕೂರಿಸಿರುತ್ತಾರೆ.

ರೈಫಲನ್ನು ಬಾಯಿ ಸ್ವಲ್ಪ ಕೆಳಗೆ ಬರುವಂತೆ ಎರಡು ದಿಂಬಿನ ಮೇಲೆ ಮಲಗಿಸಿ. ಸಾಲ್ವೆಂಟಿನಲ್ಲಿ ಒದ್ದೆ ಮಾಡಿದ ಬಟ್ಟೆಯನ್ನು ಚೇಂಬರ್ ಕಡೆಯಿಂದ ತಳ್ಳಿ. ಬಾಯಿಯಿಂದ ಆಚೆ ಬಂದ ಕೂಡಲೇ ಬಟ್ಟೆ ಬೀಳಲಿ, ಅದನ್ನು ಮತ್ತೆ ಒಳಗೆ ಎಳೆಯಬೇಡಿ. ಎಳೆದರೆ ತೆಗೆದ ಕೊಳೆಯನ್ನೇ ವಾಪಸ್ ಹಾಕಿದ ಹಾಗೆ. ಹೀಗೆ ಮೂರು ನಾಲ್ಕು. ಐದು ನಿಮಿಷ ಬಿಟ್ಟು ನೈಲಾನ್ ಬ್ರಷ್ ಹತ್ತು ಸಲ, ಮತ್ತೆ ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ ಬಿಳಿಯಾಗಿ ಬರುವ ತನಕ. ಚೇಂಬರನ್ನೂ ಒಣ ಬಟ್ಟೆಯಿಂದ ಒರೆಸಿ, ಅಲ್ಲಿ ಗ್ರೀಸ್ ಉಳಿದರೆ ಕಾಡತೂಸಿನ ಹಿತ್ತಾಳೆ ಗೋಡೆಗೆ ಹಿಡಿತ ಸಿಗದೆ ಬೋಲ್ಟ್ ಮೇಲೆ ಭಾರ ಜಾಸ್ತಿ ಬೀಳುತ್ತದೆ. ಕೊನೆಗೆ ಹಿಂದಿನಿಂದ ಇಣುಕಿ ನೋಡಿ. ನಳಿಗೆ ಖಾಲಿ ಇರಬೇಕು, ಒಂದು ನೂಲೂ ಸಿಕ್ಕಿಕೊಂಡಿರಬಾರದು.

ಭಾವನ ರೈಫಲಿಗೆ ಹನ್ನೊಂದು ಬಟ್ಟೆ ಹಿಡಿಯಿತು. ನಿಮ್ಮದಕ್ಕೆ ಆರಕ್ಕೇ ಮುಗಿಯಬಹುದು.

ರೇಂಜಿನಲ್ಲಿ: ಐದು, ಆರು, ಐದು

ಬೆಳಿಗ್ಗೆ ಹೋಗಿ, ಅರ್ಧ ದಿನ ಇಟ್ಟುಕೊಳ್ಳಿ. ಗುರಿ ಕಾಗದ ಹತ್ತಿರವೇ ಇರಲಿ. ಹೇಗೂ ಗುಂಡು ಹೋಗುತ್ತದಲ್ಲ, ದುರ್ಬೀನೋ ಸೈಟೋ ಹೊಂದಿಸುವ ಕೆಲಸವನ್ನೂ ಇದರಲ್ಲೇ ಮುಗಿಸಿ.

ಮೊದಲ ಐದು ಗುಂಡನ್ನು ಒಂದೊಂದಾಗಿ ಹೊಡೆಯಬೇಕು. ಒಂದು ಹೊಡಿ, ಬೋಲ್ಟ್ ತೆಗಿ, ಕ್ಲೀನ್ ಮಾಡು, ಮತ್ತೆ ಒಂದು. ಆಮೇಲೆ ಮೂರು ಗುಂಡಿನ ಎರಡು ಸುತ್ತು, ಪ್ರತಿ ಸುತ್ತಿಗೆ ಒಂದು ಕ್ಲೀನಿಂಗ್. ಕೊನೆಗೆ ಐದು ಗುಂಡು ಒಟ್ಟಿಗೆ, ಒಂದು ಕ್ಲೀನಿಂಗ್. ಒಟ್ಟು ಹದಿನಾರು. ನಡುನಡುವೆ ಬ್ಯಾರೆಲನ್ನು ಕೈಯಲ್ಲಿ ಹಿಡಿದು ನೋಡಿ. ಬಿಸಿ ಕಾಫಿ ಲೋಟ ಹಿಡಿದ ಹಾಗೆ ಕೈ ಬಿಡಬೇಕು ಅನ್ನಿಸಿದರೆ ಕಾಯಿರಿ. ಹೊಸ ಬ್ಯಾರೆಲನ್ನು ಕಾಯಿಸಿ ಕಾಯಿಸಿ ಹೊಡೆಯೋದಕ್ಕಿಂತ ಬ್ರೇಕ್-ಇನ್ ಬಿಟ್ಟುಬಿಡೋದೇ ವಾಸಿ.

ಪ್ರತಿ ಸಲದ ಕ್ಲೀನಿಂಗ್ ಹೀಗೆ. ಮೊದಲು ಮಸಿ ಸಾಲ್ವೆಂಟಿನ ಎರಡು ಒದ್ದೆ ಬಟ್ಟೆ, ಕರ್ರಗೆ ಬರುತ್ತವೆ. ಎರಡು ಒಣ ಬಟ್ಟೆ. ಆಮೇಲೆ ತಾಮ್ರದ ಸಾಲ್ವೆಂಟ್ ಹಚ್ಚಿದ ನೈಲಾನ್ ಬ್ರಷ್ ಐದಾರು ಸಲ, ಬಾಟಲಿಯ ಮೇಲೆ ಬರೆದಷ್ಟು ಹೊತ್ತು ಕಾಯೋದು, ಆಮೇಲೆ ಒಣ ಬಟ್ಟೆ. ಈಗ ಬಟ್ಟೆಯ ಬಣ್ಣ ನೋಡಿ. ಅಡಿಕೆಗೋ ಕಾಫಿಗೋ ಬೋರ್ಡೋ ದ್ರಾವಣ ಹೊಡೆದು ಗೊತ್ತಿರುವವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಅದೇ ಮೈಲುತುತ್ತದ ನೀಲಿ! ತಾಮ್ರ ಅಮೋನಿಯಾದಲ್ಲಿ ಕರಗಿದಾಗ ಬರುವ ಬಣ್ಣ ಅದು. ಭಾವನ ರೈಫಲಿನಲ್ಲಿ ಮೊದಲ ಗುಂಡಿನ ನಂತರ ಗಾಢ ನೀಲಿ ಬಂತು, ಬಟ್ಟೆಯ ನಾಲ್ಕೂ ಕಡೆ ತಿರುಪು ಗೆರೆಯ ಅಚ್ಚು ಬೇರೆ. ನಾಲ್ಕನೇ ಗುಂಡಿಗೆ ಆಕಾಶದ ನೀಲಿಗೆ ಇಳಿದಿತ್ತು, ಮೂರರ ಎರಡನೇ ಸುತ್ತು ಮುಗಿದಾಗ ಒಂದೇ ಸಲಕ್ಕೆ ಬಟ್ಟೆ ಹೆಚ್ಚುಕಡಿಮೆ ಬಿಳಿ. ಹೀಗೆ ಇಳಿಯುತ್ತಾ ಬಂದರೆ ಗಂಟಲು ನಯವಾಗುತ್ತಿದೆ ಅಂತ ಅರ್ಥ. ಎರಡನೇ ಗುಂಡಿಗೇ ನೀಲಿ ಕಾಣದಿದ್ದರೆ ಒಳ್ಳೆಯ ಬ್ಯಾರೆಲ್ ಸಿಕ್ಕಿದೆ, ಅಲ್ಲೇ ನಿಲ್ಲಿಸಿ ಗುಂಡು ಉಳಿಸಿ. ಹದಿನಾರರ ನಂತರವೂ ನೀಲಿ ಜೋರಾಗಿದ್ದರೆ ಇನ್ನೂ ಹದಿನಾರು ಸುರಿದರೆ ಸರಿಹೋಗುತ್ತದೆ ಅಂತ ಏನಿಲ್ಲ. ಅದು ಒರಟು ಬ್ಯಾರೆಲ್, ಉಪಯೋಗಿಸುತ್ತಾ ಹೋದಂತೆ ತಾನೇ ಪಳಗುತ್ತದೆ.

ಇಲ್ಲಿ ಒಂದು ಮೋಸ ಇದೆ. ಹಿತ್ತಾಳೆ ಜ್ಯಾಗ್, ಕಂಚಿನ ಬ್ರಷ್ ಎರಡರಲ್ಲೂ ತಾಮ್ರ ಇದೆ. ತಾಮ್ರದ ಸಾಲ್ವೆಂಟ್ ಅವನ್ನೂ ತಿನ್ನುತ್ತದೆ, ಬಟ್ಟೆ ನೀಲಿಯಾಗುತ್ತದೆ. ನಾವು ನಳಿಗೆಯಲ್ಲಿ ತಾಮ್ರ ಇದೆ ಅಂದುಕೊಂಡು ಸಂಜೆವರೆಗೆ ಉಜ್ಜುತ್ತಾ ಕೂರುತ್ತೇವೆ. ನಾನು ಒಂದು ಭಾನುವಾರ ಪೂರ್ತಿ ಹೀಗೆ ಕಳೆದಿದ್ದೇನೆ. ಅದಕ್ಕೇ ಈ ಹಂತಕ್ಕೆ ನೈಲಾನ್ ಬ್ರಷ್ಷು, ಪ್ಲಾಸ್ಟಿಕ್ ಅಥವಾ ನಿಕಲ್ ಲೇಪನದ ಜ್ಯಾಗು. ಅನುಮಾನ ಇದ್ದರೆ ಜ್ಯಾಗಿನ ಮೇಲೆ ಒಂದು ಹನಿ ಸಾಲ್ವೆಂಟ್ ಬಿಟ್ಟು, ಐದು ನಿಮಿಷ ಬಿಟ್ಟು ಒರೆಸಿ ನೋಡಿ.

ಜೋರು ಅಮೋನಿಯಾ ಇರುವ ಸಾಲ್ವೆಂಟನ್ನು ಹದಿನೈದು ನಿಮಿಷಕ್ಕಿಂತ ಜಾಸ್ತಿ ನಳಿಗೆಯಲ್ಲಿ ಬಿಡಬೇಡಿ, ರಾತ್ರಿಯಿಡೀ ಅಂತೂ ಬೇಡವೇ ಬೇಡ, ಉಕ್ಕಿನ ಮೇಲೆ ಸಣ್ಣ ಗುಳಿ ಬೀಳುತ್ತವೆ. ಗಾಳಿ ಆಡುವ ಕಡೆ ಕೂತು ಮಾಡಿ. ಮುಗಿದ ಮೇಲೆ ಆ ಸಾಲ್ವೆಂಟ್ ಪೂರ್ತಿ ಒರೆಸಿ, ಎಣ್ಣೆ ಬಟ್ಟೆ ಒಂದು ಓಡಿಸಿ, ಮುಂದಿನ ಗುಂಡಿಗೆ ಮೊದಲು ಆ ಎಣ್ಣೆಯನ್ನೂ ಒಣ ಬಟ್ಟೆಯಿಂದ ತೆಗೆಯಿರಿ. ಆಮೇಲೆ ಸೋಪು ಹಾಕಿ ಕೈ ತೊಳೆಯದೆ ಬುತ್ತಿ ಬಿಚ್ಚಬೇಡಿ. ಬೆರಳಲ್ಲಿ ಸೀಸದ ಮಸಿ ಇರುತ್ತದೆ.

ಅಜ್ಜನ ರಾಡು

ನಮ್ಮ ಮನೆಯದು ಅಂದೆನಲ್ಲ, ಆ ಕತೆ ಇದು. ಅಜ್ಜನ ಹಳೆಯ .22 ಒಂದಿತ್ತು. ಅದನ್ನು ನಲವತ್ತು ವರ್ಷ ಬರೀ ಉಕ್ಕಿನ ರಾಡಿನಿಂದ, ಬಾಯಿ ಕಡೆಯಿಂದಲೇ ಕ್ಲೀನ್ ಮಾಡಿದ್ದರು. ಬೋಲ್ಟ್ ತೆಗೆಯುವ ರಗಳೆ ಯಾಕೆ ಅಂತ. ದಿನಾ ಉಜ್ಜಿದರೂ ಗುಂಡು ಮಾತ್ರ ಎತ್ತಲೋ. ಭೂತಗನ್ನಡಿ ಹಿಡಿದು ನೋಡಿದಾಗ ಗೊತ್ತಾಯಿತು, ನಳಿಗೆಯ ಬಾಯಿ ದುಂಡಗಿಲ್ಲ, ಕೆಳಭಾಗದಲ್ಲಿ ರಾಡ್ ಉಜ್ಜಿ ಉಜ್ಜಿ ಬಾವಿಕಟ್ಟೆಯ ಮೇಲೆ ಹಗ್ಗ ಬಿಟ್ಟ ಹಾಗೆ ಒಂದು ಜಾಡು. ಆ ಬಾಯಿಯ ಅಂಚನ್ನೇ ಕ್ರೌನ್ ಅನ್ನೋದು. ಗುಂಡು ನಳಿಗೆ ಬಿಡುವಾಗ ಹಿಂದಿನ ಗ್ಯಾಸ್ ಸುತ್ತಲೂ ಒಂದೇ ಸಮ ಹೊರಬರಬೇಕು. ಒಂದು ಕಡೆ ಜಾಡಿದ್ದರೆ ಗ್ಯಾಸ್ ಅಲ್ಲಿಂದ ಮೊದಲು ನುಗ್ಗಿ ಗುಂಡಿನ ಬಾಲವನ್ನು ತಳ್ಳುತ್ತದೆ. ಬಾಯಿಯನ್ನು ಸ್ವಲ್ಪ ಕತ್ತರಿಸಿ ಹೊಸ ಕ್ರೌನ್ ಮಾಡಿಸಿದ ಮೇಲೆ ಅದೇ ರೈಫಲ್ ನೆಟ್ಟಗಾಯಿತು.

ಹಾಗಾಗಿ ಯಾವಾಗಲೂ ಚೇಂಬರ್ ಕಡೆಯಿಂದ ಬಾಯಿ ಕಡೆಗೆ. ಬೋಲ್ಟ್ ಹಿಂದಕ್ಕೆ ಬರದ ಕೆಲವು ಸೆಮಿ-ಆಟೊ ನಮೂನೆಯ ರೈಫಲಿಗೆ ಪುಲ್-ಥ್ರೂ (ಬಟ್ಟೆ ಎಳೆಯುವ ಹಗ್ಗ) ಬಳಸಿ, ನೆಟ್ಟಗೆ ಎಳೆಯಿರಿ, ಓರೆಯಾಗಿ ಎಳೆದರೆ ಹಗ್ಗವೂ ಜಾಡು ಮಾಡುತ್ತದೆ. ಬ್ರಷ್ ನಳಿಗೆಯ ನಡುವೆ ಇರುವಾಗ ದಿಕ್ಕು ಬದಲಿಸಬೇಡಿ, ಕಂಚಿನ ಕೂದಲು ಮಡಚಿ ಸಿಕ್ಕಿಕೊಳ್ಳುತ್ತವೆ. ಒಂದು ಸಲ ನಾನು ದಪ್ಪ ಬಟ್ಟೆ ಹಾಕಿ ನಳಿಗೆಯ ಅರ್ಧದಲ್ಲಿ ರಾಡ್ ಸಿಕ್ಕಿಸಿಕೊಂಡೆ. ಪಕ್ಕದವರೊಬ್ಬರು ಸುತ್ತಿಗೆ ತರಲಾ ಅಂದರು. ಬೇಡ ಅಂದೆ, ಪುಣ್ಯ. ಎರಡೂ ಕಡೆಯಿಂದ ತೆಳು ಎಣ್ಣೆ ಬಿಟ್ಟು ಒಂದು ಗಂಟೆ ಬಿಟ್ಟರೆ ಮೆಲ್ಲಗೆ ಹಿಂದಕ್ಕೆ ಬಂತು. ಬರೀ ಬಟ್ಟೆ ಉಳಿದರೆ ಗುಂಡು ಹೊಡೆದು ಹಾರಿಸೋಣ ಅಂತ ಹೇಳುವವರೂ ಇದ್ದಾರೆ. ನಳಿಗೆ ಉಬ್ಬುತ್ತದೆ, ಒಡೆದರೆ ಮುಖ, ಕೈ ಹೋಗುತ್ತದೆ.

ನಳಿಗೆಯೊಳಗೆ ಇಳಿಸುವ ಸಣ್ಣ ಕ್ಯಾಮೆರಾ, ಬೋರ್‌ಸ್ಕೋಪ್, ಈಗ ಕೆಲವು ಸಾವಿರಕ್ಕೆ ಸಿಗುತ್ತದೆ, ಫೋನಿಗೆ ಸಿಕ್ಕಿಸಿ ಒಳಗೆಲ್ಲ ನೋಡಬಹುದು. ಕೊಂಡರೆ ಒಂದು ಎಚ್ಚರ: ಅದರಲ್ಲಿ ಎಲ್ಲ ಬ್ಯಾರೆಲ್ಲೂ ಉತ್ತ ಗದ್ದೆಯ ಹಾಗೇ ಕಾಣುತ್ತದೆ. ಗುರಿ ಚೆನ್ನಾಗಿದ್ದರೆ ಒಳಗಿನ ಕಪ್ಪು ಚುಕ್ಕೆ ನೋಡಿ ನಿದ್ದೆ ಕೆಡಿಸಿಕೊಳ್ಳಬೇಡಿ.

.22 ಇದ್ದರೆ ಇದೆಲ್ಲ ಮರೆಯಿರಿ

.22ರ ಗುಂಡು ಸಾಮಾನ್ಯವಾಗಿ ಬರೀ ಸೀಸ, ಮೇಲೆ ಮೇಣ. ತಾಮ್ರದ ಗೋಜೇ ಇಲ್ಲ. ಮೊದಲ ದಿನ ಗ್ರೀಸ್ ತೆಗೆದು, ಹೊಡೆಯುತ್ತಾ ಹೋಗಿ ಅಷ್ಟೇ. ಆ ಮೇಣ ನಳಿಗೆಯೊಳಗೆ ಒಂದು ತೆಳು ಪದರ ಕಟ್ಟಿಕೊಂಡ ಮೇಲೆಯೇ ಗುಂಡುಗಳು ಒಂದು ಕಡೆ ಬೀಳಲು ಶುರುವಾಗುತ್ತವೆ. ಫಳಫಳ ತೊಳೆದರೆ ಮತ್ತೆ ಹತ್ತಿಪ್ಪತ್ತು ಗುಂಡು ಹೊಡೆದು ಆ ಪದರ ಕಟ್ಟಬೇಕು. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಹಿಂದಿನ ರಾತ್ರಿ ಕೂತು ನಳಿಗೆ ಉಜ್ಜಿ ಹೋಗುವವರು ಪ್ರತಿ ವರ್ಷ ಇರುತ್ತಾರೆ, ಕಾಯಿ ಅಲ್ಲಾಡುವುದಿಲ್ಲ, ಬೈಗುಳ ಮಾತ್ರ ಗಾಳಿಗೆ.

ಸಾಮಾನ್ಯ ಬಳಕೆಗೆ ಒಂದು ಒದ್ದೆ ಬಟ್ಟೆ, ಎರಡು ಒಣ ಬಟ್ಟೆ ಸಾಕು. ಗಮನ ಬೇಕಾದದ್ದು ಚೇಂಬರಿನ ತುದಿಗೆ. ಅಲ್ಲಿ ಸುಟ್ಟ ಮಸಿ ಬಳೆಯ ಹಾಗೆ ಗಟ್ಟಿಯಾಗಿ ಕೂರುತ್ತದೆ. ಗುಂಡು ಒಳಗೆ ಹೋಗುವಾಗ ಬಿಗಿ ಅನ್ನಿಸಿದರೆ, ಇದ್ದಕ್ಕಿದ್ದ ಹಾಗೆ ಗುರಿ ಕೆಟ್ಟರೆ, ಮೊದಲು ಅಲ್ಲಿ ನೋಡಿ. ಕಾರ್ಬನ್ ಸಾಲ್ವೆಂಟ್ ಹಚ್ಚಿದ ಬ್ರಷ್ಷನ್ನು ಅಲ್ಲೇ ಹತ್ತು ನಿಮಿಷ ಬಿಟ್ಟು ಕೈಯಲ್ಲಿ ಮೆಲ್ಲಗೆ ತಿರುಗಿಸಿದರೆ ಬಿಡುತ್ತದೆ.

ಹಳೇ ಗುಂಡು, ಹೊಸ ಬ್ಯಾರೆಲ್

ಯಾವುದೋ ಕಾಲದ ಗುಂಡು ಮನೆಯಲ್ಲಿದ್ದರೆ ಜೋಪಾನ. ಹಳೆಯ ಪ್ರೈಮರುಗಳಲ್ಲಿ (ಕಾಡತೂಸಿನ ಬುಡದಲ್ಲಿ ಕಿಡಿ ಹೊತ್ತಿಸುವ ಮದ್ದು) ಪೊಟ್ಯಾಶಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ಉಳಿಯೋದು ಉಪ್ಪು. ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದೆ, ಎರಡು ದಿನದಲ್ಲಿ ನಳಿಗೆ ಕೆಂಪು. ಎಣ್ಣೆಯಲ್ಲಿ ಉಪ್ಪು ಕರಗುವುದಿಲ್ಲ, ಎಷ್ಟು ಎಣ್ಣೆ ಸುರಿದರೂ ಅದು ಕೆಳಗೆ ಹಾಗೇ ಕೂತಿರುತ್ತದೆ. ಕರಗೋದು ನೀರಿನಲ್ಲಿ. ಕೊಳವೆ ಇಟ್ಟು ಕುದಿಯುವ ನೀರನ್ನು ಚೇಂಬರ್ ಕಡೆಯಿಂದ ಹುಯ್ಯಬೇಕು. ಬಿಸಿಗೆ ಉಕ್ಕು ಬೇಗ ಒಣಗುತ್ತದೆ, ಆಮೇಲೆ ಒಣ ಬಟ್ಟೆ, ಆಮೇಲೆ ಎಣ್ಣೆ. ಬೋಲ್ಟಿನ ಮುಖವನ್ನೂ ಹೀಗೇ ಒರೆಸಿ. ಗುಂಡಿನ ವಯಸ್ಸು ಗೊತ್ತಿಲ್ಲದಿದ್ದರೆ ಉಪ್ಪಿನದ್ದೇ ಅಂದುಕೊಂಡು ತೊಳೆಯಿರಿ.

ಜೂನ್ ಬಂತು

ಕೊಡಗಿನ, ಮಲೆನಾಡಿನ ಮಳೆಗಾಲದಲ್ಲಿ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ, ಉಕ್ಕು ಬಿಡುತ್ತದಾ? ಹೊಡೆಯದೆ ಸುಮ್ನೆ ಇಟ್ಟ ರೈಫಲಿಗೇ ತುಕ್ಕು ಮೊದಲು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ಒಂದು ಎಣ್ಣೆ ಬಟ್ಟೆ ಒಳಗೆ, ಒಂದು ಹೊರಗೆ. ಬೆವರಿನ ಕೈಯಲ್ಲಿ ಹಿಡಿದವರ ಬೆರಳಚ್ಚು ಎರಡು ವಾರದಲ್ಲಿ ತುಕ್ಕಿನ ಅಚ್ಚಾಗಿರುತ್ತದೆ, ಯಾರು ಮುಟ್ಟಿದ್ದು ಅಂತ ಪೊಲೀಸರಿಗಿಂತ ಬೇಗ ಪತ್ತೆ ಹಚ್ಚಬಹುದು.

ಚರ್ಮದ ಚೀಲ, ಕ್ಯಾನ್ವಾಸ್ ಚೀಲ, ಫೋಮ್ ಪೆಟ್ಟಿಗೆ ಇವೆಲ್ಲ ಹೊತ್ತೊಯ್ಯಲು ಮಾತ್ರ. ಇಡಲು ಬೀಗ ಇರುವ ಕಬ್ಬಿಣದ ಬೀರು, ಒಳಗೆ ತೇವ ಹೀರುವ ಸಿಲಿಕಾ ಜೆಲ್. ಬಣ್ಣ ಬದಲಾಯಿಸುವ ಜೆಲ್ ತಗೊಂಡರೆ ಯಾವಾಗ ಒಣಗಿಸಬೇಕು ಅಂತ ಗೊತ್ತಾಗುತ್ತದೆ. ಬಾಯಿ ಕೆಳಗೆ ಮಾಡಿ ನಿಲ್ಲಿಸಿದರೆ ಜಾಸ್ತಿಯಾದ ಎಣ್ಣೆ ಮರದ ಬುಡಕ್ಕೂ ಟ್ರಿಗರಿಗೂ ಇಳಿಯುವುದಿಲ್ಲ, ಆದರೆ ಕ್ರೌನ್ ನೆಲಕ್ಕೆ ತಾಗದಂತೆ ಮೆತ್ತಗಿನ ಬಟ್ಟೆ ಹಾಕಿ. ನಳಿಗೆಯ ಬಾಯಿಗೆ ಬಿರಡೆ ಹಾಕಬೇಡಿ. ಒಳಗಿನ ತೇವ ಒಳಗೇ ಉಳಿಯುತ್ತದೆ, ಮರೆತು ಹೊಡೆದರಂತೂ ಮುಗಿಯಿತು. ಲೈಸೆನ್ಸ್‌ದಾರರು ಚುನಾವಣೆ ಸಮಯದಲ್ಲಿ ಠಾಣೆಗೆ ಒಪ್ಪಿಸುವ ಮೊದಲು ಎಂದಿಗಿಂತ ಧಾರಾಳವಾಗಿ ಎಣ್ಣೆ ಸವರಿ ಕೊಡಿ. ವಾಪಸ್ ಬರುವವರೆಗೆ ಅದನ್ನು ಯಾರೂ ಒರೆಸುವುದಿಲ್ಲ.

ಸೆಪ್ಟೆಂಬರ್ 3ರ ಆಸುಪಾಸು ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಬರುತ್ತದೆ. ಕೋವಿಗಳಿಗೆ ಗಂಧ ಹಚ್ಚಿ, ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆಗೆ ಇಡುತ್ತೇವಲ್ಲ, ಆ ಹೂ ನಳಿಗೆಯ ಬಾಯಿಯಲ್ಲೇ ಇರುತ್ತದೆ. ಮಧ್ಯಾಹ್ನ ತೆಂಗಿನಕಾಯಿಗೆ ಹೊಡೆಯಲು ಹೋಗುವ ಮೊದಲು ಹೂ ತೆಗೆದು, ಒಂದು ಒಣ ಬಟ್ಟೆ ಓಡಿಸಿ, ಹಿಂದಿನಿಂದ ಇಣುಕಿ ನೋಡಿ. ಎಸಳಿನ ಚೂರು, ಗಂಧದ ಹನಿ, ಮೂರು ತಿಂಗಳ ಎಣ್ಣೆ ಎಲ್ಲ ಅಲ್ಲಿರಬಹುದು. ಹೊಡೆಯೋದು ಮೊದಲು, ಗುಟುಕು ಆಮೇಲೆ. ಹಂದಿ ಕರಿ, ಕಡುಂಬುಟ್ಟು ಮುಂದೆ ಕೂರುವ ಮೊದಲೇ ರೈಫಲ್ ಒರೆಸಿ ಎಣ್ಣೆ ಹಾಕಿ ಬೀರುವಿಗೆ ಸೇರಿಸಿ. ನಾಳೆ ಬೆಳಿಗ್ಗೆ ಮಾಡುತ್ತೇನೆ ಅಂದವರು ಎದ್ದದ್ದು ಹನ್ನೊಂದಕ್ಕೆ, ಆ ಹೊತ್ತಿಗೆ ಮಳೆ ಮತ್ತೆ ಹಿಡಿದಿತ್ತು.